ಬಲಗಾಲಿನ ಮೂರು ನೋವು, ಎರಡೂ ಪಾದದ ಒಂದು ಉರಿ: ಲೈಮ್ ರೋಗದ ಪ್ರಕರಣ ಅಧ್ಯಯನ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ವೀಸಾದ ಆರು ತಿಂಗಳು ಮುಗಿಸಿ ಬರುವ ತಾಯಂದಿರು ಈಗ ಕಲಬುರಗಿಯ ಓಣಿ ಓಣಿಯಲ್ಲೂ ಸಿಗುತ್ತಾರೆ. ಇಲ್ಲಿ ಬಿಡಿಸಿಟ್ಟಿರುವುದು ಅಂಥ ಒಬ್ಬ ತಾಯಿಯ ಕಾಲುನೋವಿನ ಲೆಕ್ಕ. ಇದು ಯಾರದೋ ಆಸ್ಪತ್ರೆಯ ಕಡತವಲ್ಲ. ಉಣ್ಣಿ ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ರೋಗದಲ್ಲಿ ಕಾಲಿಗೆ ಏನೇನು ಆಗಬಹುದೋ ಅದನ್ನೆಲ್ಲ ಒಬ್ಬರ ಮೇಲೆ ಕೂಡಿಸಿ, ಅಭ್ಯಾಸಕ್ಕೆಂದೇ ಕಟ್ಟಿದ ಪ್ರಕರಣ. ರೋಗದ ಹೆಸರು ಗೊತ್ತಾದ ಮಾತ್ರಕ್ಕೆ ನೋವಿನ ಕಾರಣ ಗೊತ್ತಾದಂತಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ರೋಗಿಗೆ 58 ವರ್ಷ. ಊರು ಆಳಂದ ತಾಲ್ಲೂಕು, ವಾಸ ಕಲಬುರಗಿ ನಗರ. ಸಸ್ಯಾಹಾರಿ. 9 ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ 2 ಗ್ರಾಂ ಮೆಟ್‌ಫಾರ್ಮಿನ್. ಮೇ ತಿಂಗಳಿಂದ ನವೆಂಬರ್ ಕೊನೆಯವರೆಗೆ ಕನೆಕ್ಟಿಕಟ್ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದರು. ಮನೆಯ ಹಿಂದೆ ಕೈತೋಟ, ಅದರಾಚೆ ಮರಗಳ ಸಾಲು. ತೋಟದಲ್ಲಿ ಮೆಂತ್ಯ, ಕೊತ್ತಂಬರಿ, ಪುಂಡಿಪಲ್ಯ ಬೆಳೆದಿದ್ದರು. ಸಂಜೆ ಹೊತ್ತು ಸೀರೆ ಮೇಲೆ ಕಟ್ಟಿಕೊಂಡು ಚಪ್ಪಲಿಯಲ್ಲೇ ಕಳೆ ಕೀಳುತ್ತಿದ್ದರು.

ಬಂದದ್ದು ಮೀನಖಂಡ ಹಿಡಿದುಕೊಂಡು

ಜನವರಿ ಎರಡನೇ ವಾರ ಅವರು ಆಸ್ಪತ್ರೆಗೆ ಬಂದದ್ದು ಮೊಣಕಾಲಿಗಲ್ಲ, ಮೀನಖಂಡಕ್ಕೆ. ಹಿಂದಿನ ದಿನ ಗುಡಿಯ ಮೆಟ್ಟಿಲು ಹತ್ತುವಾಗ ಬಲ ಮೊಣಕಾಲಿನ ಹಿಂದೆ ಏನೋ ಚಟ್ಟನೆ ಹರಿದಂತಾಗಿ, ರಾತ್ರಿಯೊಳಗೆ ಮೀನಖಂಡ ಬಾತು ಬಿಗಿಯಾಗಿತ್ತು. ಮೊಣಕಾಲಿನ ಕೆಳಗೆ 10 ಸೆಂ.ಮೀ. ಜಾಗದಲ್ಲಿ ಟೇಪ್ ಹಿಡಿದರೆ ಬಲಗಾಲು 38.5, ಎಡಗಾಲು 35. ಒತ್ತಿದರೆ ಗುಳಿ ಬೀಳುತ್ತಿತ್ತು. ಆರು ವಾರದ ಹಿಂದೆ ಉದ್ದದ ವಿಮಾನ ಪ್ರಯಾಣ. ಯಾರಿಗಾದರೂ ಮೊದಲು ಹೊಳೆಯುವುದು ಒಂದೇ: ಆಳದ ರಕ್ತನಾಳದಲ್ಲಿ ಹೆಪ್ಪು. ಬರುವ ಮುನ್ನ ತೋರಿಸಿದ್ದ ಒಂದು ಕಡೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿಯ ಚೀಟಿ ಆಗಲೇ ಬರೆದಾಗಿತ್ತು.

ಸೂಜಿ ಚುಚ್ಚುವ ಮುನ್ನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದಾಯಿತು. ತೊಡೆಯಿಂದ ಮೀನಖಂಡದವರೆಗೆ ರಕ್ತನಾಳಗಳು ಒತ್ತಿದಲ್ಲೆಲ್ಲ ಸಲೀಸಾಗಿ ಮುಚ್ಚುತ್ತಿದ್ದವು. ಹೆಪ್ಪಿದ್ದರೆ ಹಾಗೆ ಮುಚ್ಚುವುದಿಲ್ಲ. ಆದರೆ ಮೊಣಕಾಲಿನ ಹಿಂದೆ, ಒಳಬದಿಯ ಸ್ನಾಯುಗಳ ನಡುವೆ ಒಂದು ನೀರಿನ ಚೀಲ ಕಂಡಿತು. ಅದರ ಕೆಳತುದಿ ಒಡೆದು, ನೀರು ಸ್ನಾಯುವಿನ ಪದರಗಳ ನಡುವೆ ಹರಿದಿತ್ತು. ಇದೇ ಬೇಕರ್ ಚೀಲ. ಮೊಣಕಾಲಿನೊಳಗೆ ನೀರು ತುಂಬಿ ಒತ್ತಡ ಹೆಚ್ಚಿದಾಗ ಹಿಂಬದಿಗೆ ಉಬ್ಬುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ. ಎರಡು ದಿನ ಬಿಟ್ಟು ಒಳಗಿನ ಹರಡಿನ ಕೆಳಗೆ ಅರ್ಧಚಂದ್ರಾಕಾರದ ಕಪ್ಪುಗಟ್ಟಿದ ಗುರುತು ಮೂಡಿತು. ಚೀಲ ಒಡೆದದ್ದಕ್ಕೆ ಅದು ಒಳ್ಳೆಯ ಸಾಕ್ಷಿ, ಆದರೆ ತಡವಾಗಿ ಬರುವ ಸಾಕ್ಷಿ. ಅದಕ್ಕೆ ಕಾಯುತ್ತ ಕೂರುವ ಹಾಗಿಲ್ಲ.

ಇಲ್ಲಿ ಹೆಪಾರಿನ್ ಕೊಟ್ಟಿದ್ದರೆ ಏನಾಗುತ್ತಿತ್ತು? ಒಡೆದ ಜಾಗದಲ್ಲಿ ರಕ್ತ ಜಿನುಗಿ ಮೀನಖಂಡ ಇನ್ನಷ್ಟು ಬಿಗಿದು, ಸ್ನಾಯುವಿಗೆ ರಕ್ತ ಹೋಗದ ಸ್ಥಿತಿ ಬರುವ ಅಪಾಯವಿತ್ತು. ಹೆಪ್ಪು ಇದ್ದು ಔಷಧ ಕೊಡದಿರುವುದೂ ಅಷ್ಟೇ ಅಪಾಯ. ಹಾಗಾಗಿ ಬರೀ ಕೈಯಿಂದ ಮುಟ್ಟಿ ತೀರ್ಮಾನಿಸುವ ವಿಷಯವಲ್ಲ ಇದು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆ ಇಂಥ ಕಡೆ ಕೈ ಹಿಡಿಯುವುದಿಲ್ಲ; ಮೊಣಕಾಲಿನ ಉರಿಯೂತವೊಂದೇ ಸಾಕು, ಅದು ಏರಿಯೇ ಇರುತ್ತದೆ.

ಮೀನಖಂಡದ ಮಟ್ಟಿಗೆ ಮಾಡಿದ್ದು ಇಷ್ಟೇ: ಕಾಲು ಎರಡು ದಿಂಬಿನ ಮೇಲೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷದಂತೆ ದಿನಕ್ಕೆ ನಾಲ್ಕು ಸಲ, ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಎಣ್ಣೆ ಹಚ್ಚಿ ತಿಕ್ಕುವುದು ಪೂರ್ತಿ ಬಂದ್. ಮನೆಯವರು ಅದಾಗಲೇ ಎರಡು ಸಲ ಬಿಸಿ ಎಳ್ಳೆಣ್ಣೆ ಹಾಕಿ ನೀವಿದ್ದರು.

ಮೊಣಕಾಲು: ನೀರು ಹೇಳಿದ್ದೇ ಬೇರೆ

ಚೀಲ ಒಡೆದದ್ದು ಸರಿ, ಅದು ತುಂಬಿದ್ದು ಯಾಕೆ ಎಂಬುದು ಮುಂದಿನ ಪ್ರಶ್ನೆ. ಡಿಸೆಂಬರ್ ಮೂರನೇ ವಾರದಿಂದಲೇ ಬಲ ಮೊಣಕಾಲು ಬಾತಿತ್ತು. "ಮೊಳಕಾಲು ಕೊಡದಂಗ ಆಗ್ಯಾದರಿ, ಆದ್ರ ಅಷ್ಟೇನ್ ನೋವಿಲ್ಲ. ನಡೀಲತೀನಿ" ಎಂಬುದು ರೋಗಿಯ ಮಾತು. ಈ ಒಂದು ಮಾತಿಗೆ ಎಕ್ಸ್‌ರೇಗಿಂತ ಹೆಚ್ಚು ಬೆಲೆ ಕೊಡಬೇಕಿತ್ತು. ಲೈಮ್ ಕೀಲೂತದ ಗುಣವೇ ಹಾಗೆ: ಬಾವು ದೊಡ್ಡದು, ನೋವು ಅದಕ್ಕೆ ಹೋಲಿಸಿದರೆ ಕಡಿಮೆ. ಹೆಚ್ಚಾಗಿ ಒಂದೇ ಮೊಣಕಾಲು. ಉಣ್ಣಿ ಕಚ್ಚಿದ ಎಷ್ಟೋ ತಿಂಗಳ ಮೇಲೆ ಬರುತ್ತದೆ. ಅಷ್ಟರಲ್ಲಿ ಕಚ್ಚಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ.

ಆದರೆ ಎಕ್ಸ್‌ರೇಯಲ್ಲಿ ಸವೆತ ಕಂಡಿತ್ತು. 58 ವರ್ಷದ, 74 ಕಿಲೋ ತೂಕದ ಹೆಂಗಸಿನ ಮೊಣಕಾಲಲ್ಲಿ ಸವೆತ ಕಾಣದಿದ್ದರೇ ಆಶ್ಚರ್ಯ. ಮೊದಲು ತೋರಿಸಿದ ಕಡೆ ಸವೆತವೆಂದು ಹೇಳಿ ಕೀಲಿನೊಳಗೆ ಸ್ಟಿರಾಯ್ಡ್ ಸೂಜಿ ಹಾಕಿ ಕಳಿಸಿದ್ದರು. ನಾಲ್ಕು ದಿನ ಹಗುರಾಗಿ, ಬಾವು ಮತ್ತೆ ಬಂತು. ನೀರು ತೆಗೆದು ನೋಡದೆ ಸ್ಟಿರಾಯ್ಡ್ ಹಾಕಿದ್ದು ಈ ಪ್ರಕರಣದ ದೊಡ್ಡ ತಪ್ಪು. ಲೈಮ್ ಇದ್ದರೆ ಆಂಟಿಬಯಾಟಿಕ್‌ಗೆ ಮುಂಚಿನ ಸ್ಟಿರಾಯ್ಡ್ ಗುಣವಾಗುವುದನ್ನು ತಡಮಾಡಬಹುದು. ಲೈಮ್ ಅಲ್ಲದೆ ಕೀವಿದ್ದರಂತೂ ಕೇಳುವುದೇ ಬೇಡ. ಅದೂ ಅಲ್ಲದೆ, ಸೂಜಿ ಹಾಕಿದ ಮೊಣಕಾಲು ಮತ್ತೆ ಬಾತರೆ "ಸೂಜಿಯಿಂದಲೇ ಸೋಂಕು ಹೊಕ್ಕಿತೇ" ಎಂಬ ಹೊಸ ಅನುಮಾನ ಬೇರೆ ಸೇರುತ್ತದೆ.

ಅದಕ್ಕಾಗಿ ಡಾಪ್ಲರ್ ಆದ ದಿನವೇ ನೀರು ತೆಗೆಯಲಾಯಿತು. ಮಂಡಿಚಿಪ್ಪಿನ ಮೇಲ್ಭಾಗದ ಹೊರಬದಿಯಿಂದ 18 ಗೇಜ್ ಸೂಜಿ, 45 ಎಂ.ಎಲ್. ಬಂತು. ಹಳದಿ, ಸ್ವಲ್ಪ ಮಬ್ಬು. ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಕಾಣುತ್ತದೆ, ಓದಲು ಬರುವುದಿಲ್ಲ ಎಂಬಷ್ಟು ಮಬ್ಬು. ಇದನ್ನು ಮೂರು ಪಾಲು ಮಾಡಬೇಕು. ಜೀವಕೋಶ ಎಣಿಸಲು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಬ್ಲಡ್ ಕಲ್ಚರ್ ಬಾಟಲಿ, ಹರಳು ನೋಡುವುದಕ್ಕೂ ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೂ ಸಾದಾ ಸ್ಟೆರೈಲ್ ಟ್ಯೂಬ್. ಸಾಮಾನ್ಯವಾಗಿ ಎಡವುವುದು ಇಲ್ಲೇ. ಎಲ್ಲವನ್ನೂ ಒಂದೇ ಸಾದಾ ಟ್ಯೂಬಿಗೆ ಸುರಿದು ಸಂಜೆ ಲ್ಯಾಬಿಗೆ ಕಳಿಸಿದರೆ, ಬೆಳಗಾಗುವಷ್ಟರಲ್ಲಿ ನೀರು ಹೆಪ್ಪುಗಟ್ಟಿ ಕೋಶಗಳು ಕರಗಿರುತ್ತವೆ. 18,000 ಇದ್ದದ್ದು ರಿಪೋರ್ಟಿನಲ್ಲಿ 1,500 ಆಗಿ, "ಸವೆತದ ನೀರು" ಎಂಬ ಮುದ್ರೆ ಬೀಳುತ್ತದೆ.

ಇಲ್ಲಿ ಎಣಿಕೆ ಸರಿಯಾಗಿ ಬಂತು: ಒಂದು ಮೈಕ್ರೋಲೀಟರ್‌ಗೆ 18,000 ಬಿಳಿ ರಕ್ತಕಣ, ಅದರಲ್ಲಿ ನೂರಕ್ಕೆ 80 ಉರಿಯೂತದಲ್ಲಿ ಹೆಚ್ಚುವ ನ್ಯೂಟ್ರೋಫಿಲ್. ಸವೆತದ ನೀರಿನಲ್ಲಿ ಸಾಮಾನ್ಯವಾಗಿ 2,000 ದಾಟುವುದಿಲ್ಲ. ಲೈಮ್‌ನಲ್ಲಿ 10,000ದಿಂದ 25,000 ಮಾಮೂಲು, ಅದಕ್ಕಿಂತ ಬಹಳ ಮೇಲೂ ಹೋಗಬಹುದು. ಹಾಗಾಗಿ ಎಣಿಕೆಯೊಂದರಿಂದಲೇ ಕೀವನ್ನು ಪಕ್ಕಕ್ಕೆ ಸರಿಸಲಾಗದು. ಜ್ವರವಿರಲಿಲ್ಲ, ಕಾಲೂರಿ ನಡೆಯುತ್ತಿದ್ದರು, ಗ್ರಾಂ ಸ್ಟೇನ್‌ನಲ್ಲಿ ಏನೂ ಕಾಣಲಿಲ್ಲ. ದಾಖಲು ಮಾಡಿಕೊಂಡು 48 ಗಂಟೆ ಕಲ್ಚರ್‌ಗೆ ಕಾದು ನೋಡಲಾಯಿತು, ಏನೂ ಬೆಳೆಯಲಿಲ್ಲ. ಯೂರಿಕ್ ಆಮ್ಲದ ಹರಳಿಲ್ಲ, ಕ್ಷಯವಿಲ್ಲ. ನಮ್ಮ ಕಡೆ ಇಂಥ ಮೊಣಕಾಲಿಗೆ ದನಕರುಗಳಿಂದ ಬರುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಕೇಳಲೇಬೇಕು. ಹಸಿ ಹಾಲು, ದನಕರುಗಳ ಹೆರಿಗೆ ಮಾಡಿಸುವುದು ಊರಲ್ಲಿ ದಿನದ ಮಾತು. ಅದೂ ಇಲ್ಲ, ಚಿಕೂನ್‌ಗುನ್ಯಾವೂ ಇಲ್ಲ, ಆಮವಾತದ ಪರೀಕ್ಷೆಗಳೂ ನೆಗೆಟಿವ್.

ಫೋನಿನಲ್ಲಿ ಸಿಕ್ಕ ಫೋಟೊ

ಉಣ್ಣಿ ಕಚ್ಚಿತ್ತೇ ಎಂದರೆ ಇಲ್ಲ ಎಂದರು. ಹೆಚ್ಚಿನವರು ಹಾಗೇ ಹೇಳುವುದು. ಮೇಯಿಂದ ಜುಲೈವರೆಗೆ ಅಲ್ಲಿ ಕಚ್ಚುವುದು ಬಲಿಯದ ಮರಿ ಉಣ್ಣಿ, ಗಾತ್ರ ಗಸಗಸೆ ಕಾಳಿನಷ್ಟು. ನೋಯುವುದಿಲ್ಲ, ತುರಿಸುವುದಿಲ್ಲ. ಮೊಣಕಾಲಿನ ಹಿಂದೆ, ತೊಡೆಸಂದಿಯಲ್ಲಿ, ಸೊಂಟದ ಲಾಡಿ ಕಟ್ಟುವ ಜಾಗದಲ್ಲಿ ಕಚ್ಚಿ ಕೂತರೆ ಕನ್ನಡಿ ಹಿಡಿದರೂ ಕಾಣುವುದು ಕಷ್ಟ. ಸೋಂಕು ದಾಟಿಸಲು ಅದಕ್ಕೆ ಸಾಮಾನ್ಯವಾಗಿ ಒಂದೂವರೆ ದಿನದ ಮೇಲೆ ಬೇಕು.

ಕೇಳಬೇಕಾದ ಪ್ರಶ್ನೆ ಬೇರೆ: ಮೈಮೇಲೆ ಎಲ್ಲಾದರೂ ಕಲೆ ಬಂದು ದಿನದಿನಕ್ಕೆ ಹರಡಿತ್ತೇ? ಆಗ ಮಗಳಿಗೆ ನೆನಪಾಯಿತು. ಜೂನ್‌ನಲ್ಲಿ ಅವ್ವನ ಬಲ ಮೊಣಕಾಲಿನ ಹಿಂದೆ ಒಂದು ಕಲೆ, ಜೊತೆಗೆ ಎರಡು ದಿನ ಮೈ ಬೆಚ್ಚಗೆ. ಗಜಕರ್ಣವೆಂದು ತಿಳಿದು ಇಲ್ಲಿಂದ ಒಯ್ದಿದ್ದ ಮುಲಾಮನ್ನು 15 ದಿನ ಹಚ್ಚಿದ್ದರು. ಫೋನಿನಲ್ಲಿ ಎರಡು ಫೋಟೊ ಸಿಕ್ಕವು, ಐದು ದಿನದ ಅಂತರದವು. ಮೊದಲನೆಯದರಲ್ಲಿ ಕಲೆ ಸುಮಾರು 6 ಸೆಂ.ಮೀ., ಎರಡನೆಯದರಲ್ಲಿ 13. ಗಜಕರ್ಣ ಐದು ದಿನದಲ್ಲಿ ಹೀಗೆ ಬೆಳೆಯುವುದಿಲ್ಲ. ಅದಕ್ಕೆ ತುರಿಕೆ ಇರುತ್ತದೆ, ಅಂಚಿನಲ್ಲಿ ಹೊಟ್ಟು ಏಳುತ್ತದೆ. ಈ ಕಲೆ ನಯವಾಗಿತ್ತು. ಪುಸ್ತಕದಲ್ಲಿ ತೋರಿಸುವ ಕೆಂಪು ಗುರಿಫಲಕದಂಥ ಸುತ್ತುಗಳೂ ಇರಲಿಲ್ಲ. ಗೋದಿ ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣುವುದಕ್ಕಿಂತ ಪೆಟ್ಟು ಬಿದ್ದು ಕಪ್ಪಿಟ್ಟ ಹಾಗೆ ಕಾಣುವುದೇ ಹೆಚ್ಚು. ಮುಲಾಮು ಹಚ್ಚಲಿ ಬಿಡಲಿ ನಾಲ್ಕು ವಾರದಲ್ಲಿ ತಾನೇ ಮಾಯವಾಗುತ್ತದೆ, ಮುಲಾಮಿಗೆ ಹೆಸರು ಬರುತ್ತದೆ. ಆ ದಿನ 10 ದಿನದ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿದ್ದರೆ ಮುಂದಿನದು ಯಾವುದೂ ಬಹುಶಃ ಇರುತ್ತಿರಲಿಲ್ಲ.

ರೋಗಕ್ಕೆ ಹೆಸರು ಬಂದದ್ದೂ ಅದೇ ರಾಜ್ಯದ ಲೈಮ್ ಎಂಬ ಊರಿನಿಂದ. 1975ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಗುಂಪುಗುಂಪಾಗಿ ಮೊಣಕಾಲು ಬಾತಾಗ ಮೊದಲಿಗೆ ಅದನ್ನು ಮಕ್ಕಳ ಸಂಧಿವಾತವೆಂದೇ ಎಣಿಸಿದ್ದರು. ರೋಗ ತರುವ ಬೊರೇಲಿಯಾ ಬ್ಯಾಕ್ಟೀರಿಯಾ ಪತ್ತೆಯಾದದ್ದು 1980ರ ದಶಕದ ಮೊದಲಲ್ಲಿ.

ರಕ್ತದ ಮಾದರಿ ಹೈದರಾಬಾದ್ ಮೂಲಕ ದೊಡ್ಡ ಲ್ಯಾಬಿಗೆ ಹೋಯಿತು. ರಕ್ತದಲ್ಲಿನ ಪ್ರತಿಕಾಯ ಹುಡುಕುವ ಈ ಪರೀಕ್ಷೆ ಎರಡು ಹಂತದ್ದು: ಮೊದಲು ಎಲೈಸಾ, ಅದು ಪಾಸಿಟಿವ್ ಬಂದರೆ ವೆಸ್ಟರ್ನ್ ಬ್ಲಾಟ್. ಬ್ಲಾಟ್‌ನಲ್ಲಿ, ತಡವಾಗಿ ಬಂದು ಉಳಿಯುವ ಐಜಿಜಿ ಪ್ರತಿಕಾಯದ 10 ಪಟ್ಟಿಗಳಲ್ಲಿ ಕನಿಷ್ಠ 5 ಮೂಡಬೇಕು. ಇವರಿಗೆ 8 ಮೂಡಿದ್ದವು. ಮೊದಲು ಬರುವ ಐಜಿಎಂ ಪ್ರತಿಕಾಯ ಒಂದೇ ಪಾಸಿಟಿವ್ ಎಂದು ರಿಪೋರ್ಟ್ ಬಂದರೆ, ಮೊದಲ ತಿಂಗಳು ದಾಟಿದವರಲ್ಲಿ ಅದಕ್ಕೆ ಬೆಲೆಯಿಲ್ಲ. ಉಣ್ಣಿ ಕಚ್ಚಿ ಆರು ತಿಂಗಳಾದ ಮೇಲಿನ ಕೀಲೂತದಲ್ಲಿ ಐಜಿಜಿ ಗಟ್ಟಿಯಾಗಿ ಬರಲೇಬೇಕು. ಬರದಿದ್ದರೆ ಲೈಮ್ ಅನ್ನು ಬಿಟ್ಟು ಬೇರೆ ಹುಡುಕಬೇಕು.

ಜುಲೈನ ರಾತ್ರಿ ನೋವು

ಇನ್ನೊಂದು ನೋವು ಅವರೇ ಮರೆತಿದ್ದರು. ಜುಲೈ ಕೊನೆಯಿಂದ ಮೂರು ನಾಲ್ಕು ವಾರ, ಬಲಗಡೆ ಸೊಂಟದಿಂದ ತೊಡೆಯ ಮುಂಭಾಗ, ಮೊಣಕಾಲಿನ ಒಳಬದಿ ಹಾದು ಅದರ ಕೆಳಗಿನ ಎಲುಬಿನವರೆಗೆ ಉರಿ, ಸೆಳೆತ. ಹಗಲು ಪರವಾಗಿಲ್ಲ, ರಾತ್ರಿ ಮಲಗಿದರೆ ತಡೆಯಲಾಗದು. ಸಯಾಟಿಕಾ ಎಂದು ತಾವೇ ಹೆಸರಿಟ್ಟು ನೋವಿನ ಗುಳಿಗೆ ನುಂಗಿದ್ದರು; ಅದಕ್ಕೆ ಬಗ್ಗಲಿಲ್ಲ, ಆಮೇಲೆ ತಾನೇ ಕಡಿಮೆಯಾಯಿತು. ಸಯಾಟಿಕಾ ತೊಡೆಯ ಹಿಂಬದಿಯಿಂದ ಇಳಿಯುತ್ತದೆ, ಇದು ಮುಂಬದಿಯದು. ಜನವರಿಯಲ್ಲಿ ಪರೀಕ್ಷಿಸಿದಾಗಲೂ ಬಲ ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಕಾಲು ಮೆಲ್ಲಗೆ ಎದ್ದಿತು, ಎಡಗಾಲು ಸರಿಯಾಗಿ ಒದೆಯಿತು.

ಬೊರೇಲಿಯಾ ನರದ ಬೇರಿಗೆ ತಗುಲಿದರೆ ನೋವು ಹೀಗೇ ಇರುತ್ತದೆ: ಕಚ್ಚಿದ ವಾರಗಳ ನಂತರ, ರಾತ್ರಿ ಹೆಚ್ಚು, ಮಾಮೂಲಿ ಗುಳಿಗೆಗೆ ಬಗ್ಗದು. ಯುರೋಪಿನಲ್ಲಿ ಹೆಚ್ಚು ಕಾಣುವ ಇದಕ್ಕೆ ಬ್ಯಾನ್‌ವರ್ತ್ ಎಂಬ ಜರ್ಮನ್ ವೈದ್ಯರ ಹೆಸರಿದೆ. ಆದರೆ ಸಕ್ಕರೆ ಕಾಯಿಲೆಯವರಲ್ಲೂ ತೊಡೆಯ ನರಗಳ ಗುಂಪಿಗೆ ಇಂಥದೇ ಪೆಟ್ಟು ಬೀಳುವುದುಂಟು. ಅದರಲ್ಲಿ ತೊಡೆ ಬೇಗ ಸೊರಗುತ್ತದೆ, ಏಳುವಾಗ ಮೊಣಕಾಲು ಕುಸಿಯುತ್ತದೆ, ತೂಕ ಇಳಿಯುತ್ತದೆ. ಇವರಲ್ಲಿ ಅವು ಇರಲಿಲ್ಲ. ಆರು ತಿಂಗಳ ಮೇಲೆ ಇದು ಲೈಮ್‌ನದೇ ಎಂದು ಆಣೆ ಮಾಡಲು ಬರುವುದಿಲ್ಲ, ಲೈಮ್‌ಗೆ ಹೆಚ್ಚು ಹೊಂದುತ್ತದೆ ಎನ್ನಬಹುದು. ಮುಖ ಸೊಟ್ಟಗಾಗಿರಲಿಲ್ಲ, ಕುತ್ತಿಗೆ ಬಿಗಿದಿರಲಿಲ್ಲ, ನೋವೂ ಮುಗಿದಿತ್ತು. ಬೆನ್ನುಹುರಿಯ ನೀರು ತೆಗೆಯಲಿಲ್ಲ. ನರಬೇರಿನ ಲೈಮ್‌ಗೆ 14ರಿಂದ 21 ದಿನದ ಡಾಕ್ಸಿಸೈಕ್ಲಿನ್ ಸಾಕು. ಕೀಲಿಗೆ ಹೇಗೂ 28 ದಿನ ಕೊಡುವುದಿತ್ತು. ಇಸಿಜಿ ಮಾತ್ರ ಬಿಡಲಿಲ್ಲ, ಲೈಮ್ ಹೃದಯದ ವಿದ್ಯುತ್ ದಾರಿಯನ್ನೂ ಕೆಡಿಸಬಲ್ಲದು. ಅದು ಸರಿಯಿತ್ತು.

28 ದಿನ

ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ಬೆಳಗ್ಗೆ ಒಂದು, ರಾತ್ರಿ ಒಂದು. ಯಾವ ಮೆಡಿಕಲ್ ಅಂಗಡಿಯಲ್ಲಾದರೂ ಸಿಗುವ ಅಗ್ಗದ ಗುಳಿಗೆ. ಮೂರನೇ ದಿನಕ್ಕೆ ಎದೆಯಲ್ಲಿ ಉರಿ, ನುಂಗಿದರೆ ನೋವು ಎಂದು ಫೋನ್ ಬಂತು. ವಿಚಾರಿಸಿದರೆ ರಾತ್ರಿ ಊಟವಾದ ಮೇಲೆ ಡಾಕ್ಸಿಯನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಒಂದೇ ಗುಟುಕು ಹಾಲಿನಲ್ಲಿ ನುಂಗಿ ನೇರ ಹಾಸಿಗೆಗೆ ಹೋಗುತ್ತಿದ್ದರು. ಒಂದೇ ಗುಟುಕಿನಲ್ಲಿ ಎರಡು ತಪ್ಪು. ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಡಾಕ್ಸಿಯನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ಹಾಲೂ ಸ್ವಲ್ಪ ಮಟ್ಟಿಗೆ ಹಾಗೆಯೇ. ಕಡಿಮೆ ನೀರಿನಲ್ಲಿ ನುಂಗಿ ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ಅಂಟಿ ಕೂತು ಹುಣ್ಣು ಮಾಡುತ್ತದೆ. ರಾತ್ರಿಯ ಗುಳಿಗೆಯನ್ನು ಏಳು ಗಂಟೆಗೆ, ಊಟದ ನಡುವೆ, ಒಂದು ತಂಬಿಗೆ ನೀರಿನ ಜೊತೆ ಎಂದು ಬದಲಿಸಲಾಯಿತು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋಯಿತು. ಡಾಕ್ಸಿ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ನಮ್ಮಲ್ಲಿ ಫೆಬ್ರುವರಿಗೇ ಬಿಸಿಲು ಏರುವುದರಿಂದ ಕೊಡೆ, ಪೂರ್ತಿ ತೋಳಿನ ರವಿಕೆ ಎಂದು ಚೀಟಿಯಲ್ಲೇ ಬರೆದು ಕೊಡಲಾಯಿತು.

ಉಳಿದ ಉರಿ

ಆರನೇ ವಾರಕ್ಕೆ ಮೊಣಕಾಲಿನ ಬಾವು ಮುಕ್ಕಾಲು ಪಾಲು ಇಳಿದಿತ್ತು, ಮೀನಖಂಡ ಮೆತ್ತಗಾಗಿತ್ತು. ಆದರೆ ರಾತ್ರಿ ಎರಡೂ ಪಾದ ಉರಿಯುತ್ತಿದ್ದವು, ಜೋಮು ಹಿಡಿಯುತ್ತಿದ್ದವು. ಮಗಳು ವಿಡಿಯೊ ಕರೆಯಲ್ಲಿ "ಅವ್ವಗ ಇನ್ನೊಂದು ಕೋರ್ಸ್ ಬರೆದು ಕೊಡ್ರಿ ಸರ್, ಇದು ಇನ್ನೂ ಒಳಗ ಅದ" ಎಂದರು. ಅಲ್ಲಿ ತಿಂಗಳುಗಟ್ಟಲೆ ಆಂಟಿಬಯಾಟಿಕ್ ತೆಗೆದುಕೊಂಡವರ ಮಾತು ಕೇಳಿದ್ದರು.

ಕಾಲು ಮುಟ್ಟಿ ನೋಡಿದರೆ ಉತ್ತರ ಅಲ್ಲೇ ಇತ್ತು. ಉರಿ ಎರಡೂ ಕಡೆ ಸಮ. ಬೆರಳ ತುದಿಯಿಂದ ಹರಡಿನವರೆಗೆ, ಕಾಲುಚೀಲ ಹಾಕಿದ ಆಕಾರದಲ್ಲಿ ಸ್ಪರ್ಶ ಮಂದ. 128 ಹರ್ಟ್ಜ್ ಶ್ರುತಿಕವೆ ಹೆಬ್ಬೆರಳಿಗೆ ಇಟ್ಟರೆ ನಡುಕ ಗೊತ್ತಾಗಲಿಲ್ಲ. 10 ಗ್ರಾಂ ನೈಲಾನ್ ಎಳೆ ತಾಗಿಸಿದ್ದೂ ಕೆಲವೆಡೆ ಗೊತ್ತಾಗಲಿಲ್ಲ. ಹಿಮ್ಮಡಿಯ ಮೇಲೆ ಸುತ್ತಿಗೆ ತಟ್ಟಿದರೆ ಪ್ರತಿಕ್ರಿಯೆ ಎರಡೂ ಕಡೆ ಇಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ 8.1, ಅದು ಹೆಚ್ಚು; ಬಿ12 148, ವಿಟಮಿನ್ ಡಿ 11, ಎರಡೂ ಕಡಿಮೆ. ಒಂಬತ್ತು ವರ್ಷದ ಸಕ್ಕರೆ, ಒಂಬತ್ತು ವರ್ಷದ ಮೆಟ್‌ಫಾರ್ಮಿನ್, ಮೇಲೆ ಸಸ್ಯಾಹಾರ; ಕೊನೆಯ ಎರಡೂ ಬಿ12 ಇಳಿಸುವಂಥವು. ಪಾದಗಳು ಉರಿಯಲು ಬೊರೇಲಿಯಾ ಬೇಕೇ ಆಗಿರಲಿಲ್ಲ. ಅಮೆರಿಕಕ್ಕೆ ಹೋಗುವ ಮುನ್ನವೂ ಚಪ್ಪಲಿ ಜಾರಿ ಹೋದದ್ದು ಗೊತ್ತಾಗುತ್ತಿರಲಿಲ್ಲ ಎಂದು ಗಂಡ ಹೇಳಿದ್ದು ಆಮೇಲೆ.

ಬಿ12 ಸೂಜಿ 1000 ಮೈಕ್ರೋಗ್ರಾಂ, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಬಳಿಕ ತಿಂಗಳಿಗೊಂದು. ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಮ್ಮೆ, 8 ವಾರ. ಮೊಣಕಾಲಿನ ಕೆಳಗಿನ ಎಲುಬು ಒತ್ತಿದರೆ ಆಗುತ್ತಿದ್ದ ನೋವಿಗೆ ಇದೇ ಔಷಧ. ಉರಿಗೆ ರಾತ್ರಿ ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಸಕ್ಕರೆಯ ಔಷಧವನ್ನೂ ಬಿಗಿ ಮಾಡಲಾಯಿತು.

ಎರಡನೇ ಕೋರ್ಸ್ ಕೊಡಲಿಲ್ಲ. ಚಿಕಿತ್ಸೆ ಮುಗಿದ ಮೇಲೂ ದಣಿವು, ಮೈಕೈ ನೋವು ಉಳಿಯುವವರಿದ್ದಾರೆ, ನಿಜ. ಆದರೆ ಅಂಥವರಿಗೆ ಮೂರು ತಿಂಗಳು ಆಂಟಿಬಯಾಟಿಕ್ ಕೊಟ್ಟು ಹುಸಿಗುಳಿಗೆಯೊಂದಿಗೆ ಹೋಲಿಸಿದ ಅಮೆರಿಕದ (2001) ಮತ್ತು ನೆದರ್ಲೆಂಡ್ಸ್‌ನ (2016) ಅಧ್ಯಯನಗಳಲ್ಲಿ ಯಾವ ಹೆಚ್ಚುಗಾರಿಕೆಯೂ ಕಾಣಲಿಲ್ಲ. ರಕ್ತಪರೀಕ್ಷೆ ಮತ್ತೆ ಮಾಡಿಸುವುದರಲ್ಲೂ ಅರ್ಥವಿಲ್ಲ; ಗುಣವಾದ ಮೇಲೂ ವರ್ಷಗಟ್ಟಲೆ ಪಾಸಿಟಿವ್ ಬರುತ್ತದೆ. ಮೊಣಕಾಲಿನ ಬಾವು ಇಳಿಯದೆ ಹಾಗೇ ನಿಂತಿದ್ದರೆ ಮಾತು ಬೇರೆ: ಆಗ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆಂಟಿಬಯಾಟಿಕ್ ದಿನಕ್ಕೆ 2 ಗ್ರಾಂ, 2ರಿಂದ 4 ವಾರ ರಕ್ತನಾಳಕ್ಕೆ, ಅದಕ್ಕೂ ಬಗ್ಗದಿದ್ದರೆ ಮೆಥೋಟ್ರೆಕ್ಸೇಟ್‌ನಂಥ ಸಂಧಿವಾತದ ಔಷಧ.

ಮೆಟ್ಟಿಲಿಳಿಯುವಾಗಿನ ನೋವಿಗೆ ಇನ್ನೊಂದು ಸಣ್ಣ ಕಾರಣವಿತ್ತು. ಎರಡು ತಿಂಗಳು ಮಡಚದೆ ಇಟ್ಟ ಕಾಲಿನ ತೊಡೆ 2 ಸೆಂ.ಮೀ. ಸೊರಗಿತ್ತು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಎಣಿಸುವವರೆಗೆ ಒತ್ತುವುದು, 10 ಸಲದಂತೆ ದಿನಕ್ಕೆ ಮೂರು ಹೊತ್ತು. ಪೂಜೆಗೆ ನೆಲದ ಬದಲು ಕುರ್ಚಿ. ಮೂರನೇ ತಿಂಗಳಿಗೆ ಮೊಣಕಾಲಲ್ಲಿ ಒತ್ತಿ ಹುಡುಕಿದರಷ್ಟೇ ಸಿಗುವಷ್ಟು ನೀರು ಉಳಿದಿತ್ತು. ಔಷಧ ಕೊಡದೆ ನೋಡುತ್ತ ಹೋಗಲು ತೀರ್ಮಾನವಾಯಿತು.

ಈ ನಡುವೆ ಆಳಂದದ ಮನೆಯಿಂದ ಭಾವನವರು ಬಂದು, ತಮಗೂ ಎಮ್ಮೆಯ ಉಣ್ಣಿ ಕಚ್ಚುತ್ತದೆ, ತಮ್ಮ ಕಾಲೂ ನೋಯುತ್ತವೆ, ಅದೇ ಟೆಸ್ಟ್ ಮಾಡಿಸಬೇಕೆ ಎಂದು ಕೇಳಿದರು. ಬೇಡ. ಲೈಮ್ ಹರಡುವ ಉಣ್ಣಿಗೆ ತಂಪು, ತೇವದ ತರಗೆಲೆ ಬೇಕು. ನಮ್ಮ ಎರೆಭೂಮಿಯ ದನದ ಉಣ್ಣಿಗಳು ಬೇರೆ ಜಾತಿಯವು. ನಾಗರಹೊಳೆ, ಬಂಡೀಪುರದ ಕಾಡಂಚಿನಲ್ಲಿ ಕೆಲವರ ರಕ್ತದಲ್ಲಿ ಲೈಮ್‌ನ ಪ್ರತಿಕಾಯ ಕಂಡಿರುವುದು ನಿಜ, ಆದರೆ ಆಳಂದದ ಹೊಲಕ್ಕೂ ಆ ಕಾಡಿಗೂ ಹೋಲಿಕೆಯಿಲ್ಲ. ರೋಗ ಅಪರೂಪವಾದ ಕಡೆ ಎಲೈಸಾ ಮಾಡಿಸಿದರೆ ಸಂಧಿವಾತ, ಇಲಿಜ್ವರ, ಸಿಫಿಲಿಸ್‌ಗಳೂ ಅದನ್ನು ಸುಳ್ಳು ಪಾಸಿಟಿವ್ ಮಾಡಬಲ್ಲವು. ಅವರಿಗೆ ಬರೆದದ್ದು ಸಕ್ಕರೆ, ಬಿ12 ಮತ್ತು ಬ್ರುಸೆಲ್ಲಾ ಪರೀಕ್ಷೆ.

ತಾಯಿಗೆ ಮುಂದಿನ ಬೇಸಿಗೆಗೆ ಮತ್ತೆ ಟಿಕೆಟ್ ಆಗಿದೆ. ಒಮ್ಮೆ ಲೈಮ್ ಬಂದವರಿಗೆ ಮತ್ತೆ ಬರುವುದಿಲ್ಲವೆಂದಿಲ್ಲ. ಈ ಸಲ ಕೈತೋಟಕ್ಕೆ ಬೂಟು, ಸಲ್ವಾರಿನ ಕೆಳಗಂಚು ಕಾಲುಚೀಲದೊಳಗೆ. ಒಳಗೆ ಬಂದ ಕೂಡಲೇ ಸ್ನಾನ, ಬಟ್ಟೆಗಳು 10 ನಿಮಿಷ ಬಿಸಿ ಡ್ರೈಯರ್‌ಗೆ, ಮೊಣಕಾಲಿನ ಹಿಂಭಾಗ ನೋಡುವ ಕೆಲಸ ಮಗಳಿಗೆ. ಉಣ್ಣಿ ಕಂಡರೆ ಬೆಂಕಿಕಡ್ಡಿ, ಎಣ್ಣೆ, ಸುಣ್ಣ ಯಾವುದೂ ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯುವುದು. ಒಂದೂವರೆ ದಿನಕ್ಕಿಂತ ಹೆಚ್ಚು ಅಂಟಿಕೊಂಡಿತ್ತೆಂದು ಅನಿಸಿದರೆ, ತೆಗೆದ 72 ಗಂಟೆಯೊಳಗೆ ಅಲ್ಲಿನ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಒಂದೇ ಸಲ. ಗಜಕರ್ಣದ ಮುಲಾಮನ್ನು ಪೆಟ್ಟಿಗೆಯಿಂದ ಹೊರಗಿಟ್ಟಾಗಿದೆ.